ಎಡಗಡೆಯ ಸಮುದ್ರ

ಒಂಟಿಕೊಪ್ಪಲಿನ ರಮಾಮಣಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದವರು. ಗ್ಲಾಕೋಮದಿಂದ ಕಣ್ಣು ಪೂರ್ತಿ ಹೋದಾಗ ಅವರಿಗೆ ಐವತ್ತೂ ಆಗಿರಲಿಲ್ಲ. ಕೆಲಸ ಬಿಟ್ಟರು, ನಡಿಗೆ ಬಿಡಲಿಲ್ಲ. ಅದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಚಾಮುಂಡೇಶ್ವರಿಯ ತೋಳು ಹಿಡಿದು ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದರು. ಒಬ್ಬರೇ ಕೈ ಬೀಸಿ ನಡೆದು ವರ್ಷಗಳಾಗಿದ್ದವು.

ಒಮ್ಮೆ ನೆಂಟರ ಮದುವೆಗೆ ಮಂಗಳೂರಿಗೆ ಹೋದವರು ಪಣಂಬೂರಿನ ಮರಳಿನ ಮೇಲೆ ನಿಂತರು. ಅಲೆಯ ಸದ್ದನ್ನು ಎಡಕ್ಕಿಟ್ಟುಕೊಂಡು, ಒದ್ದೆ ಮರಳು ಬಿಡದೆ ಹೆಜ್ಜೆ ಹಾಕಿದರೆ ಯಾರ ತೋಳೂ ಬೇಡವೆಂದು ಅಲ್ಲೇ ಹೊಳೆಯಿತು. ಮನೆಗೆ ಬಂದವರೇ ಉಳ್ಳಾಲದಿಂದ ಕಾರವಾರದವರೆಗೆ ಕಡಲ ತೀರದಲ್ಲೇ ನಡೆಯುವ ಮಾತು ತೆಗೆದರು. ಗಂಡ ಯೋಗೇಂದ್ರ ವಾರವಿಡೀ ಬೇಡವೆಂದು, ಕೊನೆಗೆ ತಾವೇ ರಮಾಮಣಿಗೂ ಚಾಮುಂಡೇಶ್ವರಿಗೂ ಗಟ್ಟಿ ಚಪ್ಪಲಿ ತಂದರು. ಜನವರಿಯಲ್ಲಿ ಚಾಮುಂಡೇಶ್ವರಿ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟರು.

ಮರಳಿನಲ್ಲಿ ರಮಾಮಣಿಯದೇ ಮುಂದಾಳತ್ವ. ಬಂಡೆ ಬಂದರೆ ಚಾಮುಂಡೇಶ್ವರಿಯ ತೋಳು, ನದಿ ಬಂದರೆ ದೋಣಿ. ಬೈಂದೂರು ದಾಟಿದ ಮೇಲೆ ಪಾಚಿಗಟ್ಟಿದ ಬಂಡೆಯಿಂದ ಇಳಿಯುವಾಗ ಚಾಮುಂಡೇಶ್ವರಿ ಜಾರಿ ಬಿದ್ದರು. ಪಾದ ಊದಿಕೊಂಡಿತು, ಇದ್ದ ಒಂದೇ ಫೋನು ನೀರುಪಾಲಾಯಿತು. ನೀರು ಏರುತ್ತಿತ್ತು. ಜನ ಕರೆತರಲು ತಾವೇ ಹೋಗುವೆನೆಂದು ರಮಾಮಣಿ ಎದ್ದರು.

"ಬ್ಯಾಡಿ ಮೇಡಂ, ಯಾರಾದ್ರೂ ಬಂದೇ ಬತ್ತಾರೆ," ಎಂದು ಚಾಮುಂಡೇಶ್ವರಿ ಅವರ ಸೆರಗು ಹಿಡಿದುಕೊಂಡರು.

"ಮುಂದೆ ಮರಳೇ ಅಂತ ನೀನೇ ಹೇಳ್ದೆ. ಸದ್ದು ಎಡಕ್ಕಿರೋವರ್ಗೂ ನಾನು ದಾರಿ ತಪ್ಪಲ್ಲ ಕಣಮ್ಮ," ಎಂದು ರಮಾಮಣಿ ಕೋಲು ಹಿಡಿದು ಹೊರಟೇಬಿಟ್ಟರು.

ಕಣ್ಣು ಹೋದ ಮೇಲೆ ಅವರು ಒಂಟಿಯಾಗಿ ಅಷ್ಟು ದೂರ ನಡೆದದ್ದು ಅದೇ ಮೊದಲು. ಒಮ್ಮೆ ತೊರೆಯೊಂದರಲ್ಲಿ ಮಂಡಿಯವರೆಗೆ ಇಳಿದು ಹೆದರಿದರು. ಕೋಲಿನಿಂದ ತಳ ನೋಡಿಕೊಂಡು ದಾಟಿದರು. ಕಡೆಗೆ, ದಡದಲ್ಲಿ ಬಲೆ ಎಳೆಯುತ್ತಿದ್ದವರ ಕೂಗು ಕೇಳಿಸಿತು. ಆ ಬೆಸ್ತರು ಓಡಿಹೋಗಿ ಚಾಮುಂಡೇಶ್ವರಿಯನ್ನು ಹೊತ್ತು ತಂದರು.

ಮೂಳೆ ಮುರಿದಿರಲಿಲ್ಲ. ಬೆಸ್ತರ ಫೋನಿನಲ್ಲಿ ಮಾತಾಡಿದ ಯೋಗೇಂದ್ರ ವಾಪಸ್ಸು ಬನ್ನಿ ಎಂದರು. ರಮಾಮಣಿಯೂ ಒಪ್ಪಿ ಬ್ಯಾಗು ತುಂಬುತ್ತಿದ್ದರು. ತಡೆದವರು ಚಾಮುಂಡೇಶ್ವರಿ. "ನನ್ನ ಕಾಲಿಗೋಸ್ಕರ ನೀವ್ಯಾಕೆ ನಿಲ್ತೀರ ಮೇಡಂ? ನಾನು ಬಸ್ಸಲ್ಲಿ ಮುಂದಿನೂರಿಗೆ ಹೋಗಿರ್ತೀನಿ."

ಹಾಗೇ ಮಾಡಿದರು. ರಮಾಮಣಿ ಊರಿಂದೂರಿಗೆ ಮೀನುಗಾರ ಹೆಂಗಸರ ಜೊತೆ ಹರಟುತ್ತಾ ನಡೆದರು. ಗೋಕರ್ಣದ ಹೊತ್ತಿಗೆ ಪಾದ ಸರಿಹೋಗಿ, ಇಬ್ಬರೂ ಒಟ್ಟಿಗೆ ಕಾರವಾರ ಮುಟ್ಟಿದರು.

ನಮ್ಮ ಬೀದಿಯಲ್ಲಿ ಈ ಕಥೆಯನ್ನು ಹೆಮ್ಮೆಯಿಂದ ಹೇಳುವವರು ಚಾಮುಂಡೇಶ್ವರಿ. ರಮಾಮಣಿಯನ್ನು ಕೇಳಿದರೆ, ಅಂಕೋಲೆಯ ಹೆಂಗಸೊಬ್ಬರು ಕಲಿಸಿದ ಹಾಡನ್ನು ಹಾಡಿ ತೋರಿಸುತ್ತಾರೆ.