ಎದ್ದ ಮೇಲೆ ಉಳಿದ ಮಾತು

ಹರಿಹರದ ಸಣ್ಣ ನರ್ಸಿಂಗ್ ಹೋಮಿಗೆ ದಾವಣಗೆರೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಅರಿವಳಿಕೆ ವೈದ್ಯರು ಅವರು. ರೋಗಿಯನ್ನು ಮಾತಿಗೆಳೆದು, ಮಾತು ಅರ್ಧಕ್ಕೆ ಬಂದಾಗ ಮದ್ದು ಕೊಡುವರು. "ಉಳಿದಿದ್ದು ಎದ್ದ ಮೇಲೆ ಹೇಳ್ರಿ" ಎನ್ನುವರು. ಅಲ್ಲಿ ಡ್ಯೂಟಿ ಡಾಕ್ಟರಾಗಿದ್ದ ನಾನು ಇದು ಬರೀ ನಾಟಕ ಎಂದುಕೊಂಡಿದ್ದೆ.

ಅವತ್ತು ಎಮ್ಮೆ ಒದ್ದು ಕೈ ಮುರಿದಿದ್ದ ನಂದಿಗುಡಿಯ ಹೆಂಗಸು ಮೇಜಿನ ಮೇಲಿದ್ದಳು. "ಯಾಕ ಒದೀತು ತಾಯಿ?" ಎಂದರು. "ಅದಾ? ನಾನು ಅವತ್ತು..." ಎನ್ನುವಷ್ಟರಲ್ಲಿ ಮಲಗಿಸಿದರು.

ಆಪರೇಷನ್ ಮುಗಿದು ಸರ್ಜನ್ ಚಹಾಕ್ಕೆ ಹೋದರು. ಉಸಿರಿನ ದಾರಿ ಮುಚ್ಚದಂತೆ ಅವಳ ದವಡೆಯನ್ನು ಎತ್ತಿ ಹಿಡಿದಿದ್ದ ಇವರ ಬೆರಳು ಮಾತ್ರ ಕದಲಲಿಲ್ಲ. ಅರಿವಳಿಕೆಯಲ್ಲಿ ಪಿಜಿ ಓದಲು ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ಸಲ್ಲಿಸಲು ನನಗೆ ಅದೇ ಕೊನೆಯ ದಿನ. ದೊಡ್ಡ ಕಾಲೇಜೇ ಮೊದಲು ಎಂದು ಅಲ್ಲೇ ವಾದಕ್ಕಿಳಿದೆ: ಅದರ ಹೆಸರು, ಯಂತ್ರಗಳು, ಕೇಸುಗಳು.

"ಅದೆಲ್ಲ ಐತೆ, ಸರಿ. ರೋಗಿ ಏಳೋ ತನಕ ಅಲ್ಲಿ ಮೇಷ್ಟ್ರು ನಿಂತಿರ್ತಾರಾ?"

"ಅದನ್ನ ಅಳೆಯೋದು ಹೆಂಗೆ ಸರ್?"

ಅವರು ಅವಳ ಮುಖದತ್ತ ಬಾಗಿದರು. ಹೆಂಗಸು ಕಣ್ಣು ತೆರೆದಿದ್ದಳು.

"ಹೇಳ್ರಿ ತಾಯಿ, ಯಾಕ ಒದೀತು?"

ಅವಳು ತುಟಿ ಸವರಿಕೊಂಡಳು. "ಸೊಸೆ ಸೀರೆ ಉಟ್ಟಿದ್ನಿ. ಎಮ್ಮೆಗೆ ಗುರ್ತು ಸಿಗ್ಲಿಲ್ಲ."

ಆಗ ಅವರು ದವಡೆಯಿಂದ ಕೈ ತೆಗೆದರು.

ಸಂಜೆ ಎರಡು ಕಾಲೇಜುಗಳ ಪಿಜಿ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ವೈದ್ಯರ ಪ್ರಶ್ನೆಯನ್ನೇ ಕೇಳಿದೆ. "ನಮ್ಮ ಮೇಡಂ ನಿಂತು ನಿಂತು ನಮ್ಮನ್ನೂ ಕೂರಕ್ಕೆ ಬಿಡಲ್ಲ" ಎಂದು ಅಷ್ಟು ಹೆಸರಿಲ್ಲದ ಕಾಲೇಜಿನವಳು ಗೊಣಗಿದಳು. ದೊಡ್ಡ ಹೆಸರಿನ ಕಾಲೇಜಿನವನು, "ಮೇಷ್ಟ್ರು ಯಾಕ್ರಿ, ನಾವೇ ನೋಡ್ಕೋತೀವಿ" ಎಂದು ಹೆಮ್ಮೆಯಿಂದ ಹೇಳಿದ.

ಪಟ್ಟಿಯಲ್ಲಿ ಅವನ ಕಾಲೇಜನ್ನು ಎರಡನೆಯದಾಗಿ ಬರೆದೆ.