ಎರಡು ವರ್ಷದ ಅಳತೆ

ಆಮ್ಲಜನಕದ ಯಂತ್ರದ ಹಿಂಬದಿಯ ಸ್ಟಿಕರ್ ಮೇಲೆ 350 ವ್ಯಾಟ್ ಎಂದಿತ್ತು. ಮೂರರ ಮೇಲೆ ಕುಂಕುಮ ಒಣಗಿತ್ತು. ದಸರೆಯ ಖಂಡೇಪೂಜೆಯ ದಿನ ಅಪ್ಪ ತಮ್ಮ ಕತ್ತರಿ, ಟೇಪುಗಳ ಜೊತೆ ಅದಕ್ಕೂ ಹಚ್ಚಿದ್ದರು. ಅದು ಬಾಡಿಗೆಯ ಯಂತ್ರ. ಮುಂದೆ ಅದನ್ನು ಹಿಂತಿರುಗಿಸುವಾಗ ನಾನು ಆ ಕುಂಕುಮವನ್ನು ಒರೆಸಲಿಲ್ಲ.

ಅಪ್ಪ ಗದಗಿನ ಕಡೆಯಿಂದ ಬಂದು ಮರಾಠಿ ಸೀಮೆಯ ಕೊಂಢವಾದಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಶಾಲೆಯ ಯೂನಿಫಾರ್ಮ್ ಬಟ್ಟೆಯೇ ಮುಖ್ಯ ವ್ಯಾಪಾರ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಬಂದ ಮೇಲೆ ಅಂಗಡಿ ಮುಚ್ಚಿತು. ಅವ್ವ ಮೊದಲೇ ಹೋಗಿದ್ದಳು. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಒಂದು ಗೋಡೆಗೆ ಅಪ್ಪನ ಮಂಚ, ಯಂತ್ರ. ಎದುರಿನ ಗೋಡೆಗೆ ನನ್ನ ಕಂಪ್ಯೂಟರ್.

ಇನ್ನೂ ಕಟ್ಟದ ಫ್ಲ್ಯಾಟುಗಳನ್ನು ಕಟ್ಟಿ ಮುಗಿದಂತೆ ಚಿತ್ರಿಸಿ ಕೊಡುವುದು ನನ್ನ ಕೆಲಸ. ಬಿಲ್ಡರ್‌ಗಳ ಆಫೀಸಿನಿಂದ ನಕ್ಷೆ ಬರುತ್ತಿತ್ತು, ನಾನು ಬಾಲ್ಕನಿಗೆ ಬಿಸಿಲು ಹಾಕಿ ಕಳಿಸುತ್ತಿದ್ದೆ. ಆ ವರ್ಷ ಅವರಿಗೆ ಮನೆಯೊಳಗೆ ನಡೆದಾಡಿದಂತೆ ಕಾಣುವ ವಿಡಿಯೊಗಳು ಬೇಕಾದವು. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಅದಕ್ಕೆ ಸಾಲದೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಹೊಸದಕ್ಕಾಗಿ ಹುಡುಕಿ ಎರಡು ಕಾರ್ಡುಗಳಿಗೆ ಬಂದು ನಿಂತೆ. ಮೆಮೊರಿ ಎರಡರಲ್ಲೂ ಹದಿನಾರು ಜಿಬಿ. ದೊಡ್ಡದು ಎರಡು ಪಟ್ಟು ವೇಗದ್ದು, ಆದರೆ ಹೆಚ್ಚುಕಡಿಮೆ ಆ ಯಂತ್ರದಷ್ಟೇ ಕರೆಂಟ್ ಎಳೆಯುತ್ತಿತ್ತು. ಚಿಕ್ಕದು ಅದರ ಅರ್ಧ.

ಇಡೀ ಮನೆ ಒಂದೇ ಇನ್ವರ್ಟರ್ ಮೇಲಿತ್ತು. ದೊಡ್ಡ ಇನ್ವರ್ಟರ್‌ಗಾಗಲಿ ಎರಡನೆಯ ಬ್ಯಾಟರಿಗಾಗಲಿ ಮನೆ ಮಾಲೀಕರು ಒಪ್ಪಿರಲಿಲ್ಲ. ಪ್ರತಿ ಗುರುವಾರ ಪವರ್ ಕಟ್ ಇರುತ್ತಿತ್ತು. ಒಮ್ಮೆ ಹಾಗೆ ಕರೆಂಟ್ ಹೋದಾಗ, ಕಂಪ್ಯೂಟರ್ ನಡೆಯುತ್ತಿರುವಾಗಲೇ ನಾನು ಚಟ್ನಿಗೆಂದು ಮಿಕ್ಸರ್ ಹಾಕಿದೆ. ಭಾರ ತಾಳದೆ ಇನ್ವರ್ಟರ್ ಕೂಗಿ ನಿಂತುಬಿಟ್ಟಿತು. ಯಂತ್ರದ ಬಾಟಲಿಯಲ್ಲಿ ಗುಳ್ಳೆ ಏಳುವ ಸದ್ದು ನಿಂತಿತು. ನಾನು ಮೂಲೆಯಲ್ಲಿ ತುರ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರಿನ ಕೀಲಿ ತಿರುಗಿಸಿ ನಳಿಗೆ ಜೋಡಿಸುವಷ್ಟರಲ್ಲಿ ಅಪ್ಪನ ಉಗುರು ನೀಲಿಯಾಗಿತ್ತು. ಉಸಿರು ಮರಳಿದ ಮೇಲೆ ಅವರು ಕೇಳಿದ್ದು, "ಚಟ್ನಿ ಆತೇನು?"

ಕಾರ್ಡಿನ ಅಂಗಡಿಯವನಿಗೆ ಫೋನಿನಲ್ಲಿ ಚಿಕ್ಕದು ಸಾಕು ಎಂದೆ. "ಮ್ಯಾಡಮ್, ಆಜಚಂ ನಕೋ, ದೋನ್ ವರ್ಷಾಂಚಂ ಬಘಾ," ಎಂದ. ಇವತ್ತಿನದಲ್ಲ, ಎರಡು ವರ್ಷದ್ದು ನೋಡಿ; ಆಗ ನಿಮ್ಮ ಅಗತ್ಯ ಏನಿರುತ್ತದೆ? ಅವನು ಕೇಳಬೇಕಾದ ಪ್ರಶ್ನೆಯೇ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ.

ಫೋನಿನ ಸ್ಪೀಕರಿನಲ್ಲಿ ಬಂದ ಮಾತು ಮಂಚದ ಮೇಲಿದ್ದ ಅಪ್ಪನಿಗೂ ಕೇಳಿಸಿತ್ತು; ಅವರಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು.

"ದೊಡ್ಡದು ಯಾಕ ಬ್ಯಾಡ?"

"ಕಂಪ್ಯೂಟರ್ ಡಬ್ಬಿಯೊಳಗ ಹಿಡಸೂದಿಲ್ರಿ ಅಪ್ಪಾ."

"ಎಷ್ಟ ಉದ್ದ?"

"ಹದಿಮೂರು ಇಂಚು." ಸುಳ್ಳು ಹೇಳಿಯೂ ಅಳತೆಯನ್ನು ತಪ್ಪಾಗಿ ಹೇಳಲು ನನಗಾಗಲಿಲ್ಲ.

ದಿಂಬಿನ ಕೆಳಗಿನಿಂದ ಟೇಪು ತೆಗೆದರು. ಮೂಗಿನ ನಳಿಗೆಯನ್ನು ಎಳೆದುಕೊಂಡು, ಗೋಡೆ ಹಿಡಿದು, ನಡುವೆ ಒಮ್ಮೆ ನಿಂತು ನನ್ನ ಕಡೆಗೆ ಬಂದರು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಲು ಹೇಳಿದರು. ಬಿಚ್ಚಿದೆ. ಟೇಪನ್ನು ಒಳಗಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಹಿಡಸ್ತದ. ಇನ್ನೂ ಒಂದ್ ಇಂಚ್ ಉಳೀತದ," ಎಂದು ಅಲ್ಲೇ ನನ್ನ ಕುರ್ಚಿಯಲ್ಲಿ ಕುಳಿತರು. "ಗಿರಾಕಿಗೆ ಸುಳ್ಳ್ ಹೇಳಿದ್ರ ನಡೀತದ. ಬಟ್ಟಿ ಅಂಗಡಿಯವಗ ಹೇಳಬಾರದು."

ನಾನು ತಗಡನ್ನು ಮುಚ್ಚತೊಡಗಿದೆ. ಅವರು ಯಂತ್ರದ ಕಡೆ ನೋಡಿದರು.

"ಇದರ ಸಲುವಾಗಿ ಅಲ್ಲ?"

ನಾನು ತಗಡಿನ ಸ್ಕ್ರೂ ತಿರುಗಿಸುತ್ತಲೇ ಇದ್ದೆ.

"ಬೆಳಿಯೋ ಹುಡುಗಗ ಇವತ್ತಿನ ಅಳತಿ ಹಿಡಿದು ಯಾರರ ಬಟ್ಟಿ ಹರಸ್ತಾರೇನವಾ? ಒಂದ್ ಗೇಣ್ ಹೆಚ್ಚಿಗಿ ತಗೋರಿ ಬಾಯಾರ, ಮುಂದಿನ ವರ್ಷಕ್ಕ ಬರ್ತದ, ಅಂತಿದ್ದೆ." ಉಸಿರಿಗಾಗಿ ನಿಂತರು. "ಎರಡು ವರ್ಷಕ್ಕ ಈ ಮಷಿನ್ ಇಲ್ಲಿ ಇರೂದಿಲ್ಲ. ಕರೆಂಟ್ ಎಲ್ಲಾ ನಿಂದ. ದೊಡ್ಡದ ತಗೋ."

"ರಾತ್ರಿಗೆ ಜ್ವಾಳದ ರೊಟ್ಟಿ ಮಾಡ್ಲ್ಯಾ, ಅನ್ನ ಮಾಡ್ಲ್ಯಾ?"

"ಮಾತ ತಿರುವಬ್ಯಾಡ."

"ಅನ್ನ ಮಾಡ್ತೀನಿ."

ಅವರ ಲೆಕ್ಕ ತಪ್ಪಿರಲಿಲ್ಲ. ಡಾಕ್ಟರು ಎರಡು ವರ್ಷ ಎಂದು ಹೇಳಿರಲಿಲ್ಲ, ಅದಕ್ಕಿಂತ ಕಡಿಮೆ ಹೇಳಿದ್ದರು. ಅದನ್ನು ನನಗೊಬ್ಬಳಿಗೇ ಹೇಳಿದ್ದೇನೆ ಎಂದು ಡಾಕ್ಟರು ಅಂದುಕೊಂಡಿದ್ದರು. ಆ ಸಂಜೆಯೆಲ್ಲ ಅಪ್ಪ ಟೇಪನ್ನು ಎರಡು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಕೂತಿದ್ದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದೆ. ಅಂಗಡಿಯವನು ದೊಡ್ಡದನ್ನು ಮೇಜಿನ ಮೇಲೆ ತಂದಿಟ್ಟಿದ್ದ. ಎರಡು ವರ್ಷದ ನಂತರವೂ ನನ್ನ ಅಗತ್ಯ ಇಷ್ಟೇ ಇರುತ್ತದೆ ಎಂದು ಹೇಳಿ ಚಿಕ್ಕದನ್ನು ಕೊಂಡೆ. ರಿಕ್ಷಾದಲ್ಲಿ ಕೂತು ಬಿಲ್ಡರ್ ಆಫೀಸಿಗೆ ಫೋನ್ ಮಾಡಿ, ವಿಡಿಯೊಗಳು ಅವರು ಕೇಳಿದ ವೇಗದಲ್ಲಿ ನನ್ನಿಂದ ಆಗುವುದಿಲ್ಲ, ಚಿತ್ರಗಳನ್ನಷ್ಟೇ ಕೊಡಬಲ್ಲೆ ಎಂದೆ. ಸರಿ, ಬೇರೆಯವರಿಗೆ ಕೊಡುತ್ತೇವೆ ಎಂದರು.

ಅಪ್ಪ ಕಾರ್ಡಿನ ಡಬ್ಬಿಯ ಗಾತ್ರ ನೋಡಿದರು. ಟೇಪು ಮುಟ್ಟಲಿಲ್ಲ. "ಮೊಂಡಿ," ಎಂದು ಗೋಡೆಯ ಕಡೆ ಹೊರಳಿದರು.

ಕಾರ್ಡನ್ನು ಕೂರಿಸಿ, ಇರುವುದರಲ್ಲೇ ಭಾರವಾದ ಚಿತ್ರವನ್ನು ಓಡಲು ಬಿಟ್ಟೆ. ಸಿಲಿಂಡರನ್ನು ಮಂಚದ ಹತ್ತಿರ ಎಳೆದಿಟ್ಟುಕೊಂಡು, ಇನ್ವರ್ಟರ್ ಎರಡನ್ನೂ ತಾಳುತ್ತದೆಯೇ ಎಂದು ನೋಡಲು ಬಾಗಿಲ ಪಕ್ಕದ ಮೇನ್ ಸ್ವಿಚ್ ಇಳಿಸಿದೆ. ಇನ್ವರ್ಟರ್ ಗುಂಯ್ ಎಂದಿತು. ಬಾಟಲಿಯಲ್ಲಿ ನಿಲ್ಲದೆ ಏಳುತ್ತಿದ್ದ ಗುಳ್ಳೆಯ ಸದ್ದು ಕೇಳುತ್ತ ನಿಂತೆ.