ಚೌಕಟ್ಟಿಗೆ ಹತ್ತಿದ ಮಣ್ಣು

ಗೆಳೆಯರೇ, ಇವತ್ತು ಖಾನಾಪುರದಲ್ಲಿ ಕುಂಬಾರ ಕಲ್ಲಪ್ಪಣ್ಣನ ಅವ್ವನ ಫೋಟೊ ತೆಗೆದೆ. ನನ್ನ ದೊಡ್ಡ ಮರದ ಕ್ಯಾಮೆರಾಕ್ಕೆ ಫಿಲ್ಮಿನ ಬದಲು ಫೋಟೊ ಕಾಗದ ಹಾಕುತ್ತೇನೆ, ಅದಕ್ಕೆ ಬೆಳಕು ಹೆಚ್ಚು ಹೊತ್ತು ಬೇಕು, ಹೀಗಾಗಿ ಅಜ್ಜಿ ಹತ್ತು ಸೆಕೆಂಡು ಅಲುಗಾಡದೆ ಕೂತಿದ್ದಳು. "ಇನ್ನೊಮ್ಮಿ ಕುಂದ್ರೂದಿಲ್ಲಪಾ, ಸೊಂಟ ಹಿಡೀತು" ಎಂದು ಎದ್ದು ಹೋದಳು.

ಮುಂದೆ ಕಲ್ಲಪ್ಪಣ್ಣನ ಸರದಿ. ಕಾಗದ ಇಡುವ ಚೌಕಟ್ಟಿಗೆ ಎರಡು ಬದಿ, ಬದಿಗೊಂದು ಕಾಗದ. ಅಜ್ಜಿ ಯಾವ ಬದಿಯಲ್ಲಿದ್ದಾಳೆ ಎಂಬುದೇ ನನಗೆ ಮರೆತುಹೋಯಿತು. ತಪ್ಪಿದರೆ ತಾಯಿಯ ಮುಖದ ಮೇಲೆ ಮಗನ ಮುಖ ಬಂದು ಎರಡೂ ಹಾಳು. ಏನಾದರೂ ಮಾಡಬೇಕಲ್ಲ ಎಂದು ಚೌಕಟ್ಟಿನ ಒಂದು ಬದಿಗೆ ಹತ್ತಿದ್ದ ಮಣ್ಣನ್ನು ಒರೆಸಲು ಹೋದೆ.

"ಒರಸಬ್ಯಾಡ್ರಿ ಸರ, ಅವ್ವ ಅಲ್ಲೇ ಅದಾಳ" ಎಂದರು ಕಲ್ಲಪ್ಪಣ್ಣ. "ಅವ್ವನ ಫೋಟೊ ಆದಮ್ಯಾಗ ಹಿಡೀರಿ ಅಂತ ಇದನ್ನ ನನ್ನ ಕೈಯಾಗ ಕೊಟ್ಟಿದ್ರೆಲ್ಲಾ, ಆವಾಗ ಹಚ್ಚೇನಿ. ತಟ್ಟಿ ಮುಗಿದ ಗಡಿಗಿಗೆ ನಾವು ಹಂಗ ಗುರುತು ಮಾಡ್ತೇವಿ. ನಿಮ್ಮ ಗಾಬರಿ ನೋಡಿ, ಇವ್ರು ಮರೀತಾರ ಅನಿಸ್ತು."

ಖಾಸಬಾಗದ ನನ್ನ ಮನೆಯ ಬಚ್ಚಲಲ್ಲಿ ಈಗಷ್ಟೇ ಕಾಗದಗಳನ್ನು ಚಿತ್ರ ಮೂಡಿಸುವ ಮದ್ದಿನ ನೀರಿಗೆ ಹಾಕಿ ತೆಗೆದೆ. ತಾಯಿ ಒಂದರಲ್ಲಿ, ಮಗ ಇನ್ನೊಂದರಲ್ಲಿ. ನೆಗೆಟಿವ್ ಆದ್ದರಿಂದ ಅಜ್ಜಿಯ ಬಿಳಿಗೂದಲೆಲ್ಲ ಕಪ್ಪಾಗಿದೆ.

ಕಲ್ಲಪ್ಪಣ್ಣ, ನಿಮ್ಮ ಉಪಕಾರ ದೊಡ್ಡದು. ಇನ್ನು ಮುಂದೆ ಗುರುತು ಹಚ್ಚಲೆಂದು ಬರುವಾಗ ನೀವು ಕಟ್ಟಿಕೊಟ್ಟ ಹಸಿ ಮಣ್ಣಿನ ಉಂಡೆ ಒಣಗಿಬಿಟ್ಟರೆ ಏನು ಗತಿ ಎಂದು ಈಗ ಒದ್ದೆ ಬಟ್ಟೆ ಹುಡುಕುತ್ತಿದ್ದೇನೆ.